ಬೀರುವಿನಲ್ಲೇ ಉಳಿಯುವ ತಪಾಸಣಾ ವರದಿ

1991ರ ಫೆಬ್ರುವರಿ 23ರ ರಾತ್ರಿ ಅಮೆರಿಕದ ಫಿಲಡೆಲ್ಫಿಯಾ ನಗರದ ‘ಒನ್ ಮೆರಿಡಿಯನ್ ಪ್ಲಾಜಾ’ ಎಂಬ 38 ಅಂತಸ್ತಿನ ಕಚೇರಿ ಕಟ್ಟಡದ 22ನೇ ಅಂತಸ್ತಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಮರದ ಹಲಗೆಗಳಿಗೆ ಹೊಳಪು ಕೊಡುತ್ತಿದ್ದ ಕೆಲಸಗಾರರು ಬಿಟ್ಟುಹೋಗಿದ್ದ, ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯ ಚೂರುಗಳು ತಾವಾಗಿಯೇ ಹೊತ್ತಿಕೊಂಡಿದ್ದವು. ಅಗ್ನಿಶಾಮಕ ಸಿಬ್ಬಂದಿ ಮೇಲೇರಿ ಕಟ್ಟಡದ ನೀರಿನ ಕೊಳವೆಗಳಿಗೆ ತಮ್ಮ ಹೋಸ್ ಪೈಪುಗಳನ್ನು ಜೋಡಿಸಿದಾಗ, ಹೊರಬಂದ ನೀರಿನ ರಭಸ ಬೆಂಕಿಯನ್ನು ಎದುರಿಸಲು ಸಾಲದಾಗಿತ್ತು. ಕೊಳವೆಗಳಲ್ಲಿನ ಒತ್ತಡವನ್ನು ತಗ್ಗಿಸುವ ವಾಲ್ವ್‌ಗಳನ್ನು ತಪ್ಪು ಅಳತೆಗೆ ಹೊಂದಿಸಲಾಗಿತ್ತು. ಅವುಗಳನ್ನು ಸರಿಪಡಿಸಬಲ್ಲ ತಂತ್ರಜ್ಞನೊಬ್ಬನನ್ನು ಕರೆತರುವ ಹೊತ್ತಿಗೆ ಕಾಲ ಮಿಂಚಿತ್ತು. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಸುಮಾರು 19 ಗಂಟೆಗಳ ಕಾಲ ಉರಿದ ಆ ಬೆಂಕಿಯನ್ನು ಕೊನೆಗೆ ತಡೆದದ್ದು 30ನೇ ಅಂತಸ್ತಿನ ಬಾಡಿಗೆದಾರರು ಹಾಕಿಸಿಕೊಂಡಿದ್ದ ಸ್ಪ್ರಿಂಕ್ಲರ್ ವ್ಯವಸ್ಥೆ. ಅಲ್ಲಿ ಹತ್ತು ಸ್ಪ್ರಿಂಕ್ಲರ್‌ಗಳು ತೆರೆದುಕೊಂಡವು. ಬೆಂಕಿ ಅದರಾಚೆಗೆ ಹೋಗಲಿಲ್ಲ.

ಇದಾದ 19 ವರ್ಷಗಳ ನಂತರ, ಅದೇ ಫೆಬ್ರುವರಿ 23ರಂದು, ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹಬ್ಬಿದ ಹೊಗೆಗೆ ಒಂಬತ್ತು ಜನ ಬಲಿಯಾದರು. ವಿದ್ಯುತ್ ತಂತಿಗಳು ಹಾದುಹೋಗುವ ಕಿಂಡಿಯಲ್ಲಿ ಹುಟ್ಟಿದ ಬೆಂಕಿ ದೊಡ್ಡದೇನೂ ಆಗಿರಲಿಲ್ಲ. ಆದರೆ ಹೊಗೆ ಮೇಲಿನ ಮಹಡಿಗಳಿಗೆ ಏರಿತು, ಹೊರಹೋಗುವ ದಾರಿಗಳು ಮುಚ್ಚಿದ್ದವು, ದಿಕ್ಕುತೋಚದೆ ಕಿಟಕಿಗಳಿಂದ ಧುಮುಕಿದವರನ್ನು ನಾಡಿನ ಜನರೆಲ್ಲ ದೂರದರ್ಶನದಲ್ಲಿ ಕಂಡರು. 1981ರ ಫೆಬ್ರುವರಿಯಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಸತ್ತ ನಗರವಿದು. ಹಾಗಿದ್ದೂ ಬಹುಮಹಡಿ ಕಟ್ಟಡದಲ್ಲಿ ಬೆಂಕಿ ಎಂದರೇನು ಎಂಬುದು ನಮ್ಮ ಮಧ್ಯಮವರ್ಗದ ಮನಸ್ಸಿಗೆ ನಾಟಿದ್ದು ಕಾರ್ಲ್‌ಟನ್ ನಂತರವೇ.

ಈ ಎರಡೂ ದುರಂತಗಳಲ್ಲಿ ಸಮಾನವಾದ ಅಂಶವೊಂದಿದೆ. ದೋಷಗಳು ಬೆಂಕಿ ಬಿದ್ದ ದಿನ ಹುಟ್ಟಿದವಲ್ಲ. ತಪ್ಪಾಗಿ ಹೊಂದಿಸಿದ ವಾಲ್ವ್ ವರ್ಷಗಟ್ಟಲೆ ಹಾಗೆಯೇ ಇತ್ತು. ಮುಚ್ಚಿದ ದಾರಿಯನ್ನು ಆ ಕಟ್ಟಡದಲ್ಲಿ ದಿನವೂ ಓಡಾಡುವವರು ನೋಡಿಯೇ ಇದ್ದರು. ಗೊತ್ತಾಗಬೇಕಾದವರಿಗೆ, ಅಂದರೆ ಬೆಂಕಿ ಬಿದ್ದಾಗ ಒಳನುಗ್ಗಬೇಕಾದವರಿಗೆ, ಅದು ಮೊದಲೇ ಗೊತ್ತಾಗಲಿಲ್ಲ ಅಥವಾ ಗೊತ್ತಾಗುವ ಏರ್ಪಾಡು ಇರಲಿಲ್ಲ. ಕಟ್ಟಡಗಳ ಸ್ಪ್ರಿಂಕ್ಲರ್ ಮತ್ತು ಇತರ ಅಗ್ನಿರಕ್ಷಣಾ ಸಾಧನಗಳ ತಪಾಸಣಾ ವರದಿಯನ್ನು ಸ್ಥಳೀಯ ಅಗ್ನಿಶಾಮಕ ಅಧಿಕಾರಿಗಳಿಗೂ ಕಡ್ಡಾಯವಾಗಿ ತಲುಪಿಸಬೇಕು ಎಂಬ, ಮೇಲುನೋಟಕ್ಕೆ ತೀರ ಸಪ್ಪೆಯಾದ ವಿಷಯವನ್ನು ಇಲ್ಲಿ ಚರ್ಚಿಸುತ್ತಿರುವುದು ಈ ಕಾರಣಕ್ಕಾಗಿ.

ಸ್ಪ್ರಿಂಕ್ಲರ್ ಎಂದರೆ ಸಿನಿಮಾದಲ್ಲಿ ತೋರಿಸುವಂತೆ ಯಾರೋ ಬೆಂಕಿಕಡ್ಡಿ ಗೀರಿದೊಡನೆ ಇಡೀ ಕಟ್ಟಡದಲ್ಲಿ ಮಳೆ ಸುರಿಸುವ ಯಂತ್ರವಲ್ಲ. ಛಾವಣಿಯಲ್ಲಿ ಕಾಣುವ ಪ್ರತಿಯೊಂದು ಸ್ಪ್ರಿಂಕ್ಲರ್‌ನ ಬಾಯಿಗೂ ದ್ರವ ತುಂಬಿದ ಪುಟ್ಟ ಗಾಜಿನ ಬುರುಡೆಯೊಂದು ಬಿರಟೆಯಂತೆ ಕುಳಿತಿರುತ್ತದೆ. ನಮ್ಮ ಕಚೇರಿ, ಮಳಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವ ಕೆಂಪು ಬುರುಡೆ ಸುಮಾರು 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆಯುತ್ತದೆ. ಒಡೆದದ್ದರಿಂದ ಮಾತ್ರ ನೀರು ಸುರಿಯುತ್ತದೆ. ಪಕ್ಕದ ಕೋಣೆಯದು ಹಾಗೆಯೇ ಇರುತ್ತದೆ. ಇದಕ್ಕೆ ವಿದ್ಯುತ್ ಸಂಕೇತವೂ ಬೇಡ, ಕಾವಲುಗಾರನ ಎಚ್ಚರವೂ ಬೇಡ. ಆದರೆ ಬುರುಡೆಯ ಹಿಂದೆ ಕೊಳವೆಯಲ್ಲಿ ನೀರು ಇರಬೇಕು, ಅದಕ್ಕೆ ಒತ್ತಡ ಇರಬೇಕು, ನೆಲಮಾಳಿಗೆಯ ಪಂಪು ಓಡಬೇಕು, ವಿದ್ಯುತ್ ಹೋದರೆ ಡೀಸೆಲ್ ಪಂಪು ಶುರುವಾಗಬೇಕು, ತೊಟ್ಟಿ ತುಂಬಿರಬೇಕು, ಮುಖ್ಯ ವಾಲ್ವ್ ತೆರೆದಿರಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಛಾವಣಿಯ ಮೇಲಿನದು ಬರಿಯ ಅಲಂಕಾರ.

ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘ ಹಲವು ವರ್ಷಗಳಿಂದ ಈ ಕುರಿತು ಅಂಕಿಅಂಶಗಳನ್ನು ಪ್ರಕಟಿಸುತ್ತ ಬಂದಿದೆ. ಅದರ ಪ್ರಕಾರ, ಸಾಕಷ್ಟು ದೊಡ್ಡ ಬೆಂಕಿ ಬಿದ್ದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಾರಿ ಸ್ಪ್ರಿಂಕ್ಲರ್‌ಗಳು ಕೆಲಸ ಮಾಡುತ್ತವೆ. ಮಾಡದಿದ್ದ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಿಗೆ ಕಾರಣ ತಾಂತ್ರಿಕ ಜಟಿಲತೆ ಏನೂ ಅಲ್ಲ. ಯಾರೋ ವ್ಯವಸ್ಥೆಯನ್ನು ಮುಚ್ಚಿಬಿಟ್ಟಿದ್ದರು. ದುರಸ್ತಿಗೆಂದು ವಾಲ್ವ್ ತಿರುಗಿಸಿದವರು ಮತ್ತೆ ತೆರೆಯುವುದನ್ನು ಮರೆತಿರುತ್ತಾರೆ, ಇಲ್ಲವೇ ಸೋರಿಕೆಯ ಕಿರಿಕಿರಿ ತಾಳದೆ ಬೇಕೆಂದೇ ಮುಚ್ಚಿರುತ್ತಾರೆ.

ಇದು ನಮ್ಮಲ್ಲಿಯೂ ಅಪರೂಪವಲ್ಲ. ನಿವೃತ್ತಿಯ ನಂತರ ಪರಿಚಿತರೊಬ್ಬರ ಒತ್ತಾಯಕ್ಕೆ ನಗರದ ವಸತಿ ಸಮುಚ್ಚಯವೊಂದರ ಲೆಕ್ಕಪತ್ರಗಳನ್ನು ನೋಡಿಕೊಡಲು ಹೋಗಿದ್ದೆ. ಅಗ್ನಿರಕ್ಷಣಾ ವ್ಯವಸ್ಥೆಯ ವಾರ್ಷಿಕ ನಿರ್ವಹಣೆಗೆ ಕೊಟ್ಟ ಹಣದ ವೋಚರಿನ ಹಿಂದೆ ಗುತ್ತಿಗೆದಾರರ ತಪಾಸಣಾ ವರದಿಯನ್ನು ಪಿನ್ನು ಹಾಕಿ ಇಟ್ಟಿದ್ದರು. ಎರಡನೇ ಪುಟದಲ್ಲಿ, ‘ಬಿ’ ಬ್ಲಾಕಿನ ಸ್ಪ್ರಿಂಕ್ಲರ್ ವಾಲ್ವ್ ಸೋರಿಕೆಯ ಕಾರಣ ಮುಚ್ಚಿದೆ, ಡೀಸೆಲ್ ಪಂಪಿನ ಬ್ಯಾಟರಿ ಸತ್ತಿದೆ ಎಂಬ ಷರಾ ಇತ್ತು. ಹಿಂದಿನ ವರ್ಷದ ವರದಿಯಲ್ಲೂ ಅದೇ ಷರಾ, ಅಕ್ಷರಶಃ ಅದೇ ವಾಕ್ಯ. ಸಂಘದ ಪದಾಧಿಕಾರಿಗಳು ಕೆಟ್ಟವರಲ್ಲ. ಬಿಲ್ಲು ಪಾಸು ಮಾಡಲು ವರದಿ ಬೇಕಿತ್ತು, ವರದಿ ಬಂದಿತ್ತು, ಬಿಲ್ಲು ಪಾಸಾಗಿತ್ತು. ಗುತ್ತಿಗೆದಾರರೂ ತಮ್ಮ ಕರ್ತವ್ಯ ಮಾಡಿದ್ದರು, ದೋಷವನ್ನು ಬರೆದುಕೊಟ್ಟಿದ್ದರು. ಅಲ್ಲಿಂದ ಎರಡು ಕಿಲೋಮೀಟರ್ ದೂರದ ಅಗ್ನಿಶಾಮಕ ಠಾಣೆಗೆ ಮಾತ್ರ ಇದರ ಸುಳಿವೂ ಇರಲಿಲ್ಲ. ನಿಯಮದ ಕಣ್ಣಿನಲ್ಲಿ ಆ ಕಟ್ಟಡ ಸ್ವಾಧೀನಾನುಭವ ಪ್ರಮಾಣಪತ್ರ ಪಡೆದ ದಿನ ಹೇಗಿತ್ತೋ ಹಾಗೆಯೇ ಇದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಸಮಸ್ಯೆ ಪರಿಚಿತ. ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ, ಮುಂದೆ 2001ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಪ್ರಬಂಧ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತದ್ದು. ಕಾರಿನ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಒಳ್ಳೆಯ ಕಾರಿಗೆ ಒಳ್ಳೆಯ ಬೆಲೆ ಸಿಗದೆ ಅದು ಮಾರುಕಟ್ಟೆಯಿಂದಲೇ ಜಾಗ ಖಾಲಿ ಮಾಡುತ್ತದೆ. ಅಗ್ನಿರಕ್ಷಣೆಯ ಪರಿಸ್ಥಿತಿ ಇದಕ್ಕಿಂತ ಕಠಿಣ. ಹಳೆಯ ಕಾರು ಕೊಂಡವನಿಗೆ ಆರು ತಿಂಗಳಲ್ಲಿ ಅದರ ಗುಣ ತಿಳಿಯುತ್ತದೆ. ಸ್ಪ್ರಿಂಕ್ಲರಿನ ಗುಣ ಮೂವತ್ತು ವರ್ಷವಾದರೂ ತಿಳಿಯದೆ ಹೋಗಬಹುದು, ತಿಳಿಯುವ ದಿನ ಅದನ್ನು ಬದಲಾಯಿಸಲು ವ್ಯವಧಾನ ಇರುವುದಿಲ್ಲ. ಖರ್ಚು ಮಾಡಬೇಕಾದವನು ಮಾಲೀಕ, ಅಪಾಯ ಹೊರುವವನು ಬಾಡಿಗೆದಾರ, ಅಂಗಡಿಗೆ ಬಂದ ಗಿರಾಕಿ, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ರೋಗಿ, ಏಣಿ ಏರುವ ಅಗ್ನಿಶಾಮಕ. ಇಂಥ ಕಡೆ ಮಾಹಿತಿಯನ್ನು ಮಾಲೀಕನ ಬೀರುವಿನಲ್ಲೇ ಉಳಿಸುವುದು ಮಾರುಕಟ್ಟೆಯ ಸ್ವಾತಂತ್ರ್ಯವಲ್ಲ, ಮಾರುಕಟ್ಟೆಯ ವೈಫಲ್ಯ.

ಬೇರೆ ಕ್ಷೇತ್ರಗಳಲ್ಲಿ ನಾವು ಇದನ್ನು ಬಹಳ ಹಿಂದೆಯೇ ಅರ್ಥಮಾಡಿಕೊಂಡಿದ್ದೇವೆ. 1863ರಲ್ಲಿ ಕಲ್ಕತ್ತದಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತಾಗ, ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಗೆ ಕಾನೂನು ಬಂದಿತು. 1923ರಲ್ಲಿ ಅದು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಯಾಯಿತು, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಇಂದು ಸ್ಕೂಟರಿನ ಹೊಗೆ ತಪಾಸಣೆಯ ಫಲಿತಾಂಶ ಕೂಡ ಗಣಕಯಂತ್ರದ ಮೂಲಕ ‘ವಾಹನ್’ ದತ್ತಾಂಶಕ್ಕೆ ಸೇರುತ್ತದೆ. ಸಾವಿರಾರು ಜನ ದುಡಿಯುವ ಗೋಪುರದ ಪಂಪು ಓಡುತ್ತದೆಯೇ ಎಂಬುದಕ್ಕೆ ಸ್ಕೂಟರಿನ ಹೊಗೆಗಿರುವಷ್ಟು ಮರ್ಯಾದೆಯೂ ಇಲ್ಲವೆಂದರೆ ಅದು ವಿಪರ್ಯಾಸವೇ ಸರಿ.

ಹೊರಗಿನ ಅನುಭವಗಳಲ್ಲಿ ಎರಡು ಗಮನಾರ್ಹ. ಅಮೆರಿಕದ ನೀರಿನ ಆಧಾರದ ಅಗ್ನಿರಕ್ಷಣಾ ವ್ಯವಸ್ಥೆಗಳ ತಪಾಸಣೆಯ ಮಾನದಂಡ ದೋಷಗಳನ್ನು ವರ್ಗೀಕರಿಸುತ್ತದೆ: ವ್ಯವಸ್ಥೆಯೇ ನಿಂತುಹೋಗಿರುವುದು, ಗಂಭೀರ ದೋಷ, ಸಾಧಾರಣ ದೋಷ. ವ್ಯವಸ್ಥೆ ನಿಂತಿದ್ದರೆ ಅಗ್ನಿಶಾಮಕ ದಳಕ್ಕೆ ತಿಳಿಸಬೇಕು. ದಿನವೊಂದರಲ್ಲಿ ಹತ್ತು ಗಂಟೆಗಳಿಗಿಂತ ಹೆಚ್ಚು ಕಾಲ ನಿಂತಿರುವುದಾದರೆ ಬೆಂಕಿಗಾವಲು ನಿಯೋಜಿಸುವುದೋ ಕಟ್ಟಡವನ್ನು ತೆರವು ಮಾಡುವುದೋ ಏನಾದರೂ ಬದಲಿ ವ್ಯವಸ್ಥೆ ಆಗಬೇಕು. ಅಲ್ಲಿನ ಹಲವು ನಗರಗಳಲ್ಲಿ ತಪಾಸಣೆ ಮಾಡಿದ ಗುತ್ತಿಗೆದಾರನೇ ವರದಿಯನ್ನು ನೇರವಾಗಿ ಅಗ್ನಿಶಾಮಕ ಇಲಾಖೆ ನೋಡಬಲ್ಲ ಗಣಕ ವ್ಯವಸ್ಥೆಗೆ ಸಲ್ಲಿಸಬೇಕು. ಮಾಲೀಕನ ಕೈದಾಟಿ ಬರಲಿ ಎಂದು ಯಾರೂ ಕಾಯುವುದಿಲ್ಲ. ಈ ಸಣ್ಣ ವಿವರದಲ್ಲೇ ಸುಧಾರಣೆಯ ಜೀವಾಳವಿದೆ ಎಂದು ನನ್ನ ಅಭಿಪ್ರಾಯ.

ಎರಡನೆಯದು ಇಂಗ್ಲೆಂಡಿನದು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತರು. ಒಳಗೆ ಹೋದ ಸಿಬ್ಬಂದಿಯ ಬಳಿ ಕಟ್ಟಡದ ನಕ್ಷೆಗಳಿರಲಿಲ್ಲ, ಲಿಫ್ಟನ್ನು ತಮ್ಮ ಹತೋಟಿಗೆ ತೆಗೆದುಕೊಳ್ಳಲು ಅವರಿಗೆ ಸಾಧ್ಯವಾಗಲಿಲ್ಲ. ವಿಚಾರಣಾ ಆಯೋಗದ 2019ರ ವರದಿಯ ನಂತರ ರೂಪುಗೊಂಡು 2023ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಗಳು, ಎತ್ತರದ ವಸತಿ ಕಟ್ಟಡಗಳ ಹೊಣೆಗಾರರು ಅಗ್ನಿಶಾಮಕರು ಬಳಸುವ ಲಿಫ್ಟುಗಳನ್ನೂ ಮುಖ್ಯ ಅಗ್ನಿಶಾಮಕ ಸಾಧನಗಳನ್ನೂ ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ವಿಧಿಸಿವೆ. ದೋಷವನ್ನು 24 ಗಂಟೆಗಳೊಳಗೆ ಸರಿಪಡಿಸಲಾಗದಿದ್ದರೆ ಸ್ಥಳೀಯ ಅಗ್ನಿಶಾಮಕ ಸೇವೆಗೆ ವಿದ್ಯುನ್ಮಾನ ಮಾಧ್ಯಮದಲ್ಲಿ ತಿಳಿಸಬೇಕು, ತಪಾಸಣೆಯ ದಾಖಲೆ ನಿವಾಸಿಗಳ ಕಣ್ಣಿಗೂ ಸಿಗುವಂತಿರಬೇಕು. ಎಲ್ಲ ಸರಿಯಿರುವ ಕಟ್ಟಡಗಳ ವರದಿಗಳ ರಾಶಿಯಲ್ಲಿ ಅಧಿಕಾರಿ ಮುಳುಗಿಹೋಗದಂತೆ, ಸರಿಯಿಲ್ಲದ್ದು ಮಾತ್ರ ಅವನ ಮೇಜಿಗೆ ಬರುವಂತೆ ಈ ಏರ್ಪಾಡು ನೋಡಿಕೊಳ್ಳುತ್ತದೆ.

ದೂರ ಹೋಗುವ ಅಗತ್ಯವೂ ಇಲ್ಲ. ನೆರೆಯ ಮಹಾರಾಷ್ಟ್ರದ 2006ರ ಅಗ್ನಿ ತಡೆ ಮತ್ತು ಜೀವಸುರಕ್ಷಾ ಕ್ರಮಗಳ ಕಾಯ್ದೆಯ ಪ್ರಕಾರ, ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ಪರವಾನಗಿ ಪಡೆದ ಸಂಸ್ಥೆ ಕೊಟ್ಟ ಪ್ರಮಾಣಪತ್ರವನ್ನು ಕಟ್ಟಡದ ಮಾಲೀಕ ಅಥವಾ ಅನುಭೋಗದಾರ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈನಲ್ಲಿ, ಅಗ್ನಿಶಾಮಕ ಅಧಿಕಾರಿಗೆ ಸಲ್ಲಿಸಬೇಕು. ಕರ್ನಾಟಕದಲ್ಲಿ ಇಂದಿಗೂ ಮೂಲ ಶಾಸನ 1964ರ ಅಗ್ನಿಶಾಮಕ ದಳ ಕಾಯ್ದೆಯೇ. ಅದು ರೂಪುಗೊಂಡ ಕಾಲಕ್ಕೆ ಬೆಂಗಳೂರಿನ ಎತ್ತರದ ಕಟ್ಟಡಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಕಾರ್ಲ್‌ಟನ್ ನಂತರ ಆದೇಶಗಳು, ತಿದ್ದುಪಡಿಗಳು ಬಂದಿವೆ, ನಿಜ. ಆದರೂ ನಮ್ಮ ಏರ್ಪಾಡಿನ ಭಾರವೆಲ್ಲ ಕಟ್ಟುವ ಮುನ್ನ ಪಡೆಯುವ ನಿರಾಕ್ಷೇಪಣಾ ಪತ್ರ ಮತ್ತು ಕಟ್ಟಿದ ಮೇಲಿನ ತೀರುವಳಿ ಪತ್ರಗಳ ಮೇಲೆಯೇ ಬಿದ್ದಿದೆ. ಮದುವೆಯ ದಿನದ ಛಾಯಾಚಿತ್ರ ತೋರಿಸಿ ಸಂಸಾರ ಚೆನ್ನಾಗಿದೆ ಎಂದಂತೆ ಇದು.

ಹಾಗೆಂದು ಮಹಾರಾಷ್ಟ್ರದ ಕಾಯ್ದೆಯನ್ನು ನಕಲು ಮಾಡಿದರೆ ಸಾಕೆನ್ನುವಂತಿಲ್ಲ. ಆ ಕಾಯ್ದೆ ಜಾರಿಯಲ್ಲಿರುವಾಗಲೇ 2017ರ ಡಿಸೆಂಬರಿನಲ್ಲಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ಉಪಾಹಾರ ಗೃಹಗಳಲ್ಲಿ 14 ಜನ ಸತ್ತರು. ಪ್ರಮಾಣಪತ್ರ ಕೊಡುವವನಿಗೆ ಹಣ ಕೊಡುವವನು ಯಾರು? ಮಾಲೀಕ. ಪ್ರತಿಕೂಲ ವರದಿ ಬರೆದ ಸಂಸ್ಥೆಯನ್ನು ಮುಂದಿನ ವರ್ಷ ಕರೆಯುತ್ತಾನೆಯೇ? ಕಡಿಮೆ ದರಕ್ಕೆ, ಕಟ್ಟಡದ ಮೆಟ್ಟಿಲನ್ನೂ ಹತ್ತದೆ, ‘ಎಲ್ಲವೂ ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಡುವವನು ಪ್ರಾಮಾಣಿಕನನ್ನು ಸಂತೆಯಿಂದ ಓಡಿಸುತ್ತಾನೆ. ಅಕರ್ಲಾಫ್ ಹೇಳಿದ್ದೂ ಅದನ್ನೇ.

ಇದಕ್ಕೆ ಪರಿಹಾರ ನಮ್ಮ ದೇಶದಲ್ಲೇ ಪರೀಕ್ಷೆಗೆ ಒಳಗಾಗಿದೆ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಗುಜರಾತಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಸಹಯೋಗದಲ್ಲಿ ಎಸ್ತರ್ ಡಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ ಮತ್ತು ನಿಕೊಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಕಾರ್ಖಾನೆಗಳೇ ತಮ್ಮ ಮಾಲಿನ್ಯದ ಲೆಕ್ಕಪರಿಶೋಧಕರನ್ನು ಆರಿಸಿ ಹಣ ಕೊಡುತ್ತಿದ್ದವು. ಸಹಜವಾಗಿಯೇ ವರದಿಗಳಲ್ಲಿನ ಅಂಕಿಗಳು ಅನುಮತಿಸಿದ ಮಿತಿಯ ಸ್ವಲ್ಪ ಕೆಳಗೇ ಬಂದು ನಿಲ್ಲುತ್ತಿದ್ದವು. ಕೆಲವು ಕಾರ್ಖಾನೆಗಳಿಗೆ ಮಾತ್ರ ಪರಿಶೋಧಕರನ್ನು ಚೀಟಿ ಎತ್ತಿದಂತೆ ಹಂಚಿ, ಅವರ ಶುಲ್ಕವನ್ನು ಸಾಮಾನ್ಯ ನಿಧಿಯಿಂದ ನಿಗದಿತ ದರದಲ್ಲಿ ಪಾವತಿ ಮಾಡಿ, ಕೆಲವು ವರದಿಗಳನ್ನು ಹೇಳದೆ ಕೇಳದೆ ಮರುಪರಿಶೀಲಿಸಲಾಯಿತು. ಪರಿಣಾಮವಾಗಿ ವರದಿಗಳು ಹೆಚ್ಚು ಸತ್ಯವಾದವು. ಮಾತ್ರವಲ್ಲ, ಆ ಕಾರ್ಖಾನೆಗಳ ಮಾಲಿನ್ಯವೂ ತಗ್ಗಿತು. ಪಂಪಿನ ಒತ್ತಡ ಅಳೆಯುವವನಿಗೆ ಈ ವಿಧಾನ ಅನ್ವಯಿಸಬಾರದೇಕೆ? ಮಾಲೀಕರು ಶುಲ್ಕವನ್ನು ನಿಧಿಗೆ ಕಟ್ಟಲಿ. ಪರವಾನಗಿ ಪಡೆದ ಸಂಸ್ಥೆಗಳಲ್ಲಿ ಯಾವುದು ಬರಬೇಕೆಂದು ಗಣಕಯಂತ್ರ ತೀರ್ಮಾನಿಸಲಿ. ವರದಿ ಅದೇ ದಿನ ಮಾಲೀಕನಿಗೂ ಠಾಣೆಗೂ ಒಟ್ಟಿಗೇ ಹೋಗಲಿ. ನೂರರಲ್ಲಿ ಐದು ಕಟ್ಟಡಗಳನ್ನು ಇಲಾಖೆ ಸ್ವತಃ ಮರುಪರಿಶೀಲಿಸಲಿ.

ಇಲಾಖೆಯೊಳಗಿನ ಆಕ್ಷೇಪಗಳನ್ನು ನಾನು ಊಹಿಸಬಲ್ಲೆ. ಮೊದಲನೆಯದು ಸಿಬ್ಬಂದಿಯ ಕೊರತೆ. ಇದು ನಿಜವಾದ ಕೊರತೆಯೇ. ಆದರೆ ಇದ್ದಷ್ಟು ಜನ ಯಾವ ಕಟ್ಟಡಕ್ಕೆ ಮೊದಲು ಹೋಗಬೇಕು ಎಂದು ಹೇಳುವುದೇ ವರದಿಯ ಉಪಯೋಗ. ಈಗ ಅವರು ದೂರು ಬಂದ ಕಡೆಗೆ ಅಥವಾ ಬೆಂಕಿ ಬಿದ್ದ ಕಡೆಗೆ ಹೋಗುತ್ತಿದ್ದಾರೆ. ಎರಡನೆಯ ಆಕ್ಷೇಪವನ್ನು ಯಾರೂ ಕಡತದಲ್ಲಿ ಬರೆಯುವುದಿಲ್ಲ. ವರದಿ ತಲುಪಿದ ಮೇಲೆ ‘ನಮಗೆ ತಿಳಿದಿರಲಿಲ್ಲ’ ಎನ್ನುವಂತಿಲ್ಲ. ಸರ್ಕಾರಿ ಸೇವೆಯಲ್ಲಿ ಅಜ್ಞಾನ ಹಲವು ಬಾರಿ ರಕ್ಷಾಕವಚ. ಟಪಾಲು ಸ್ವೀಕರಿಸಿದ ಮುದ್ರೆ ಬಿದ್ದ ಕ್ಷಣ ಹೊಣೆ ಹೆಗಲೇರುತ್ತದೆ. ದಶಕಗಳ ಕಾಲ ಮೇಜಿನ ಈಚೆ ಕುಳಿತವರಿಗೆ ಈ ಅಂಜಿಕೆಯನ್ನು ವಿವರಿಸಬೇಕಾಗಿಲ್ಲ.

ಈ ಅಂಜಿಕೆಯನ್ನು ಹಗುರವಾಗಿ ಕಾಣುವಂತಿಲ್ಲ ಎಂಬುದಕ್ಕೆ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ದುರಂತವೇ ಸಾಕ್ಷಿ. 2011ರ ಡಿಸೆಂಬರ್ 9ರ ನಸುಕಿನಲ್ಲಿ ವಾಹನ ನಿಲುಗಡೆಗೆ ಮೀಸಲಾಗಬೇಕಿದ್ದ ನೆಲಮಾಳಿಗೆಯಲ್ಲಿ ರಾಶಿ ಹಾಕಿದ್ದ ಸಾಮಗ್ರಿಗೆ ಬೆಂಕಿ ಹತ್ತಿ, ಸುಮಾರು 90 ಜನ, ಬಹುತೇಕ ರೋಗಿಗಳು, ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಆ ನೆಲಮಾಳಿಗೆಯನ್ನು ತೆರವು ಮಾಡಬೇಕೆಂದು ಅದೇ ವರ್ಷ ಅಗ್ನಿಶಾಮಕ ಇಲಾಖೆ ಎಚ್ಚರಿಸಿತ್ತು. ಅಂದರೆ ಅಲ್ಲಿ ಮಾಹಿತಿಯ ಕೊರತೆ ಇರಲಿಲ್ಲ. ಮಾಹಿತಿಯ ನಂತರ ಏನು ಎಂಬುದಕ್ಕೆ ಉತ್ತರ ಇರಲಿಲ್ಲ. ಆದ್ದರಿಂದ ವರದಿ ಸಲ್ಲಿಕೆಯ ನಿಯಮದಲ್ಲೇ ಗಡುವುಗಳೂ ಇರಬೇಕು. ಸ್ಪ್ರಿಂಕ್ಲರ್ ಅಥವಾ ಪಂಪು ನಿಂತಿದ್ದರೆ ಠಾಣಾಧಿಕಾರಿ ಇಂತಿಷ್ಟು ದಿನಗಳಲ್ಲಿ ನೋಟಿಸು ಕೊಡಬೇಕು, ಮಾಲೀಕ ಇಂತಿಷ್ಟು ದಿನಗಳಲ್ಲಿ ಸರಿಪಡಿಸಿ ಹೊಸ ವರದಿ ಕಳುಹಿಸಬೇಕು, ಇಲ್ಲವಾದರೆ ಪ್ರಕರಣ ತಾನಾಗಿಯೇ ಮೇಲಧಿಕಾರಿಗೆ ಹೋಗಬೇಕು. ಕಾಲಮಿತಿಯಲ್ಲಿ ಸೇವೆ ನೀಡುವ ‘ಸಕಾಲ’ ಕಾಯ್ದೆಯನ್ನು 2011ರಲ್ಲೇ ಮಾಡಿದ ರಾಜ್ಯಕ್ಕೆ ಇಂಥ ಗಡಿಯಾರ ಕಟ್ಟುವುದು ಹೊಸ ವಿದ್ಯೆಯಲ್ಲ. ಗಡುವು ಪಾಲಿಸಿದ ಅಧಿಕಾರಿಗೆ ಮುಂದೆ ಅನಾಹುತವಾದರೂ ರಕ್ಷಣೆ ಇರಬೇಕೆಂಬುದನ್ನೂ ಸ್ಪಷ್ಟವಾಗಿ ಬರೆಯುವುದು ಒಳಿತು. ಅದಿಲ್ಲದೆ ಇಲಾಖೆ ಈ ಸುಧಾರಣೆಯನ್ನು ಮನಸಾರೆ ಒಪ್ಪುವುದಿಲ್ಲ.

ಉದ್ಯಮಿಗಳ ಕಡೆಯಿಂದ ‘ಇನ್‌ಸ್ಪೆಕ್ಟರ್ ರಾಜ್’ ಮರಳುತ್ತದೆ ಎಂಬ ಕೂಗು ಏಳುವುದು ಖಚಿತ. ವಾಸ್ತವದಲ್ಲಿ ಅಧಿಕಾರಿಯ ವಿವೇಚನೆಗೆ ಬಿಟ್ಟ ಭೇಟಿಗಳಿಗಿಂತ ಎಲ್ಲರೂ ಕಳುಹಿಸಬೇಕಾದ ಲಿಖಿತ ವರದಿಯೇ ಕಿರುಕುಳಕ್ಕೆ ಕಡಿಮೆ ಅವಕಾಶ ಕೊಡುತ್ತದೆ. ವರದಿ ಸಾರ್ವಜನಿಕವಾಗಬೇಕೆ ಎಂಬುದು ಇನ್ನೊಂದು ಪ್ರಶ್ನೆ. ಪಂಪಿನ ಕೋಣೆ ಎಲ್ಲಿದೆ, ಕಾವಲು ಹೇಗಿದೆ ಎಂಬ ವಿವರಗಳನ್ನು ಬಚ್ಚಿಡುವುದರಲ್ಲಿ ಅರ್ಥವಿದೆ. ಕೊನೆಯ ತಪಾಸಣೆ ಯಾವಾಗ ಆಯಿತು, ವ್ಯವಸ್ಥೆ ನಡೆಯುತ್ತಿದೆಯೇ ಇಲ್ಲವೇ ಎಂಬ ಎರಡು ಸಾಲುಗಳನ್ನು ಬಚ್ಚಿಡುವುದರಲ್ಲಿ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುವ ಮಾಹಿತಿಯ ಆಶಯಕ್ಕೆ ಇದಕ್ಕಿಂತ ಹೊಂದುವ ಉದಾಹರಣೆ ಕಷ್ಟ. ಆ ಎರಡು ಸಾಲುಗಳನ್ನು ಲಿಫ್ಟಿನ ಪಕ್ಕದಲ್ಲಿ ಅಂಟಿಸಿದರೆ ಬಾಡಿಗೆಗೆ ಮನೆ ಹುಡುಕುವವನೂ, ವಿಮಾ ಸಂಸ್ಥೆಯವನೂ ಓದಿಕೊಳ್ಳುತ್ತಾರೆ.

ಬೆಂಗಳೂರಿನ ಅಗ್ನಿಶಾಮಕ ದಳಕ್ಕೆ 2023ರಲ್ಲಿ 90 ಮೀಟರ್ ಎತ್ತರ ತಲುಪುವ ಏಣಿ ವಾಹನ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ನಗರದ ಅನೇಕ ರಸ್ತೆಗಳಿಗೆ ಅಂಥ ವಾಹನ ತಿರುಗಲು ಸ್ಥಳವಿಲ್ಲ, ಕಟ್ಟಡದ ನಡುವಿನ ಕೋಣೆಗೆ ಯಾವ ಏಣಿಯೂ ಎಟುಕುವುದಿಲ್ಲ. ಅಲ್ಲಿ ಕೆಲಸ ಮಾಡಬೇಕಾದದ್ದು ಕಟ್ಟಡದೊಳಗಿನ ನೀರು. 2024ರ ಬೇಸಿಗೆಯಲ್ಲಿ ನಗರ ಅನುಭವಿಸಿದಂಥ ಬವಣೆ ಬಂದಾಗ, ಅಗ್ನಿಶಾಮಕಕ್ಕೆ ಮೀಸಲಾದ ತೊಟ್ಟಿಯ ನೀರಿನ ಮೇಲೆ ಮನೆಬಳಕೆಯವರ ಕಣ್ಣು ಬೀಳುವುದು ಸಹಜ. ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಮಾಡಿದ ತಪಾಸಣೆ ಅದನ್ನು ಹಿಡಿಯಲಾರದು. ಆದ್ದರಿಂದ ನಮ್ಮ ನಿಯಮದಲ್ಲಿ ಅರ್ಧವಾರ್ಷಿಕ ವರದಿಗಳ ಪೈಕಿ ಒಂದಾದರೂ ಮಾರ್ಚ್ ಅಥವಾ ಏಪ್ರಿಲ್ ತಿಂಗಳಿಗೆ ಬೀಳಬೇಕು.

ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಮಾದರಿ ಅಗ್ನಿಶಾಮಕ ಮಸೂದೆಯೊಂದನ್ನು ಕಳುಹಿಸಿದೆ. 1964ರ ಕಾಯ್ದೆಯನ್ನು ಬದಲಿಸುವ ಸಂದರ್ಭ ಒದಗಿದಾಗ ಈ ವಿಷಯವನ್ನೂ ಅದರಲ್ಲಿ ಸೇರಿಸಬಹುದು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ವಸತಿ ಸಂಘದ ಕಾರ್ಯದರ್ಶಿಯೊಬ್ಬರು ತಮ್ಮ ಬೀರುವಿನಲ್ಲಿರುವ ಇತ್ತೀಚಿನ ತಪಾಸಣಾ ವರದಿಯ ನಕಲನ್ನು, ಕಟ್ಟಡದ ನೆಲಮಾಳಿಗೆಯ ನಕ್ಷೆಯೊಂದಿಗೆ, ತಮ್ಮ ವ್ಯಾಪ್ತಿಯ ಅಗ್ನಿಶಾಮಕ ಠಾಣಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ ಸ್ವೀಕೃತಿ ಪಡೆಯುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಮುಂದಿನ ವರ್ಷದ ನಿರ್ವಹಣಾ ಒಪ್ಪಂದದಲ್ಲಿ, ವರದಿಯ ಒಂದು ಪ್ರತಿಯನ್ನು ಗುತ್ತಿಗೆದಾರರೇ ಠಾಣೆಗೆ ಕಳುಹಿಸಿ ಸ್ವೀಕೃತಿಯನ್ನು ಬಿಲ್ಲಿನ ಜೊತೆ ಲಗತ್ತಿಸಬೇಕು ಎಂಬ ಒಂದು ಷರತ್ತನ್ನು ಸೇರಿಸಲು ಸಂಘದ ಸಾಮಾನ್ಯ ಸಭೆಯ ಠರಾವು ಸಾಕು.